ಅಪ್ಪ ಸುತ್ತಿದ ಸ್ಪ್ರಿಂಗು

ಏರ್‌ಗನ್ನು ಗೋಡೆಗೆ ತೂಗುಹಾಕಿತ್ತು ಎಂದು ನನ್ನ ಅಣ್ಣ ಸೀನ ಈಗಲೂ ಹೇಳುತ್ತಾನೆ. ಎರಡು ಮೊಳೆ, ಪಕ್ಕದಲ್ಲಿ ಕ್ಯಾಲೆಂಡರು, ಅದರ ಮೇಲೆ ಗನ್ನು. ತನ್ನ ಮಕ್ಕಳಿಗೂ ಹಾಗೆಯೇ ಹೇಳಿಕೊಟ್ಟಿದ್ದಾನೆ. ಗೋಡೆಯ ಮೇಲೆ ಬಂದೂಕಿರುವ ಮನೆ ಎಂದರೆ ಕೇಳುವವರಿಗೆ ಅದೊಂದು ದೊಡ್ಡ ಮನೆತನದಂತೆ ಕಾಣುತ್ತದೆ. ನಮ್ಮದು ಅಂಥ ಮನೆತನವಲ್ಲ. ಗನ್ನು ಇದ್ದದ್ದು ನಡುಮನೆಯ ಮೂಲೆಯಲ್ಲಿ, ಮಣ್ಣಿನ ವಾಡೆಯೊಳಗೆ. ನನ್ನ ಎದೆಮಟ್ಟಕ್ಕೆ ಬರುತ್ತಿದ್ದ ಆ ವಾಡೆಯಲ್ಲಿ ಹಿಂದೆ ರಾಗಿ ತುಂಬಿಡುತ್ತಿದ್ದರು. ಪೀಣ್ಯದ ಕಾರ್ಖಾನೆಗಳಿಗೆಂದು ಹೊಲ ಹೋಗಿ, ಹೊಲದ ಮೇಲೆ ತಗಡಿನ ಶೆಡ್ಡುಗಳೆದ್ದು, ನಾವೂ ಎಲ್ಲರ ಹಾಗೆ ರಾಗಿಯನ್ನು ಅಂಗಡಿಯಿಂದ ತರತೊಡಗಿದ ಮೇಲೆ ವಾಡೆ ಖಾಲಿಯಾಯಿತು. ಅಪ್ಪ ಅದರ ತಳಕ್ಕೆ ಗೋಣಿ ಹಾಸಿ, ಗನ್ನನ್ನು ನಿಲ್ಲಿಸಿ, ಬಾಯಿಗೆ ಮೊರ ಮುಚ್ಚಿಡುತ್ತಿದ್ದ. ಅಪ್ಪನ ತಾಯಿ, ನಮ್ಮಜ್ಜಿ, ಆ ಮೂಲೆಗೆ ಬೆನ್ನು ಹಾಕಿಯೇ ಊಟಕ್ಕೆ ಕೂರುತ್ತಿದ್ದಳು.

"ಅನ್ನ ಇಕ್ಕೋ ಜಾಗದಾಗೆ ಕೋವಿ ಇಕ್ಕವ್ನೆ. ಇನ್ನೇನು, ಮುದ್ದೆ ಬದ್ಲು ಗುಂಡು ನುಂಗ್ರಿ."

ಗನ್ನು ನಮ್ಮ ಮನೆಗೆ ಬಂದದ್ದು ಎತ್ತಿನ ಗಾಡಿಯ ಎರಡು ಚಕ್ರಗಳ ಬದಲಿಗೆ. ಅಪ್ಪ ಕೆಲಸ ಮಾಡುತ್ತಿದ್ದ ಸ್ಪ್ರಿಂಗ್ ಕಾರ್ಖಾನೆಯ ಮಾಲೀಕರು ಊರಾಚೆ ತೋಟದ ಮನೆ ಕಟ್ಟಿಸುತ್ತಿದ್ದರು. ಗೇಟಿನ ಎರಡು ಪಕ್ಕಕ್ಕೂ ಹಳೆಯ ಗಾಡಿಚಕ್ರ ನಿಲ್ಲಿಸಿ ಬಣ್ಣ ಹೊಡೆಸುವ ಆಸೆ ಅವರಿಗೆ. ನಮ್ಮ ಎತ್ತುಗಳು ಆಗಲೇ ಬೇರೆಯವರ ಪಾಲಾಗಿದ್ದವು. ಗಾಡಿ ಅಂಗಳದಲ್ಲಿ ಸುಮ್ಮನೆ ಬಿದ್ದಿತ್ತು. ಬದಲಿಗೆ ಏನು ಬೇಕಯ್ಯ ಎಂದು ಅವರು ಕೇಳಿದ್ದಕ್ಕೆ, ಅವರ ಕೋಣೆಯ ಬೀರುವಿನ ಹಿಂದೆ ಧೂಳು ತಿನ್ನುತ್ತ ನಿಂತಿದ್ದ ಏರ್‌ಗನ್ನನ್ನು ಅಪ್ಪ ತೋರಿಸಿದನಂತೆ. ಅಮ್ಮ ಇದನ್ನು ಮರೆಯಲಿಲ್ಲ. ಚಕ್ರ ಹೋದ ಗಾಡಿ ನಾಲ್ಕು ಕಲ್ಲುಗಳ ಮೇಲೆ ಕೂತಿತ್ತು. ಅಮ್ಮ ಅದರ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಕಾಯೋದಕ್ಕೆ ಹೊಲ ಇದ್ದಾಗ ಕೈಯಲ್ಲಿ ಕವಣೆ ಹಿಡಿದುಕೊಂಡಿದ್ದ, ಹೊಲ ಹೋದ ಮೇಲೆ ಕೋವಿ ತಂದ, ಎಂದು ಬಂದುಹೋದವರಿಗೆಲ್ಲ ಹೇಳುತ್ತಿದ್ದಳು. ಹೇಳುವಾಗ ನಗುತ್ತಿದ್ದಳು. ಅದು ನಗುವಲ್ಲ ಎಂದು ನನಗೆ ಗೊತ್ತಾದದ್ದು ನಾನೂ ಹಾಗೆ ನಗಲು ಕಲಿತ ಮೇಲೆ.

ಆ ಗನ್ನಿನಲ್ಲಿ ಅಂಥದ್ದೇನಿತ್ತು? ಈಗ ನೋಡಿದರೆ ಏನೂ ಇರಲಿಲ್ಲ. ಕಬ್ಬಿಣ, ಮರ, ಒಳಗೊಂದು ಸ್ಪ್ರಿಂಗು. ತಯಾರಿಸಿದವರ ಹೆಸರು ಸವೆದುಹೋಗಿ ಎರಡು ಅಕ್ಷರ ಮಾತ್ರ ಬೆರಳಿಗೆ ಸಿಗುತ್ತಿದ್ದವು. ಬುಡದ ಮರ ಯಾರದೋ ಕೆನ್ನೆ ತಗಲಿ ತಗಲಿ ನಯವಾಗಿತ್ತು. ನಳಿಗೆಯನ್ನು ನಡುವಿನಿಂದ ಕೆಳಕ್ಕೆ ಮಡಿಚಿದರೆ ಒಳಗೆ ಸ್ಪ್ರಿಂಗು ಕಿರುಗುಟ್ಟುತ್ತ ಹಿಂದಕ್ಕೆ ಸರಿದು, ಕೊನೆಗೆ ಟಕ್ ಎಂದು ಹಿಡಿದು ನಿಲ್ಲುತ್ತಿತ್ತು. ನಳಿಗೆಯ ಬುಡದ ತೂತಿಗೆ ಮೆಣಸಿನಕಾಳಿನಷ್ಟು ಸೀಸದ ಗುಂಡನ್ನು ಹೆಬ್ಬೆರಳಿನಿಂದ ಒತ್ತಿ, ನಳಿಗೆಯನ್ನು ಮತ್ತೆ ಮೇಲಕ್ಕೆ ತಂದರೆ ಗನ್ನು ಮುಚ್ಚಿಕೊಳ್ಳುತ್ತಿತ್ತು. ಆ ಮುಚ್ಚುವ ಸದ್ದಿಗಾಗಿ ನಾನು ಗುಂಡಿಲ್ಲದೆಯೂ ಎಷ್ಟೋ ಸಲ ಮಡಿಚಿ ಬಿಚ್ಚಿದ್ದೇನೆ. ಮದ್ದಿಲ್ಲ, ಬೆಂಕಿಯಿಲ್ಲ, ಲೈಸೆನ್ಸು ಇಲ್ಲ. ನನ್ನ ತೋಳಿನ ಬಲವನ್ನು ನಾನೇ ಅದರೊಳಗೆ ತುಂಬಿ ಅಗುಳಿ ಹಾಕಿದ ಹಾಗೆ. ಬೇಕಾದಾಗ ಒಂದು ಬೆರಳು ಅಲ್ಲಾಡಿಸಿದರೆ ಆ ಬಲ ಇಪ್ಪತ್ತು ಮಾರು ದೂರ ಹೋಗಿ ಒಂದು ಡಬ್ಬಿಯನ್ನು ಬೀಳಿಸಿ ನನ್ನ ಹೆಸರು ಹೇಳುತ್ತಿತ್ತು. ನಮ್ಮ ಮನೆಯಲ್ಲಿ ನನ್ನ ಬಲ ಹೋಗುತ್ತಿದ್ದದ್ದು ಒರಳಿಗೆ, ಬಾವಿಯ ಹಗ್ಗಕ್ಕೆ, ಮುದ್ದೆಯ ಕೋಲಿಗೆ. ಅವು ಯಾವುವೂ ತಿರುಗಿ ಏನನ್ನೂ ಹೇಳುತ್ತಿರಲಿಲ್ಲ.

ಅಪ್ಪನಿಗೆ ಅದರಲ್ಲಿ ಕಂಡದ್ದೇ ಬೇರೆ. ಅವನು ದಿನವಿಡೀ ಯಂತ್ರದ ಮುಂದೆ ನಿಂತು ತಂತಿಯನ್ನು ಸುತ್ತಿ ಸ್ಪ್ರಿಂಗು ಮಾಡುತ್ತಿದ್ದ. ಸುತ್ತಿದ್ದನ್ನು ಒಲೆಯಲ್ಲಿ ಕಾಯಿಸಿ, ಆರಿಸಿ, ಎಣ್ಣೆಯ ತೊಟ್ಟಿಯಲ್ಲಿ ಅದ್ದಿ, ಪೆಟ್ಟಿಗೆಗೆ ಹಾಕಿ ಕಳಿಸುತ್ತಿದ್ದರು. ಅವು ಯಾವ ಲಾರಿಗೆ ಹೋದವು, ಯಾವ ಪಂಪಿನೊಳಗೆ ಸೇರಿದವು, ಅವನಿಗೆ ತಿಳಿಯುತ್ತಿರಲಿಲ್ಲ. ಗನ್ನನ್ನು ಬಿಚ್ಚಿ ಒಳಗಿನ ಸ್ಪ್ರಿಂಗನ್ನು ಮೊದಲ ಸಲ ಹೊರಗೆಳೆದ ದಿನ ಅವನು ಅದನ್ನು ಅಂಗೈ ಮೇಲೆ ಉದ್ದಕ್ಕೆ ಮಲಗಿಸಿಕೊಂಡು ಸುಮಾರು ಹೊತ್ತು ಕೂತಿದ್ದ. ರಾಗಿ ಬಿತ್ತಿದರೆ ಪೈರು ಕಾಣುತ್ತಿತ್ತು, ಇಲ್ಲಿ ಏನು ಮಾಡಿದರೂ ಪೆಟ್ಟಿಗೆ ಮುಚ್ಚಿಬಿಡುತ್ತಾರೆ ಎಂಬರ್ಥದ ಏನೋ ಮಾತು ಹೇಳಿದ. ಅಥವಾ ಇದು ನಾನು ಆಮೇಲೆ ಅವನ ಬಾಯಿಗೆ ತುರುಕಿದ ಮಾತಿರಬಹುದು. ಅವನು ಹಾಗೆಲ್ಲ ಮಾತಾಡುವವನಲ್ಲ. ಖಂಡಿತವಾಗಿ ಹೇಳಿದ್ದು ಇಷ್ಟು:

"ಸಾವ್ರ ಸುತ್ತೀನಿ. ಒಂದೂ ಕೆಲ್ಸ ಮಾಡೋದು ನೋಡಿಲ್ಲ."

ಕಲಿಸಲು ಶುರುಮಾಡಿದ್ದು ಸೀನನಿಗೆ. ಹದಿಮೂರು ವರ್ಷದ ಸೀನ ಟ್ರಿಗರ್ ಒತ್ತುವಾಗ ಎರಡೂ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಮುಚ್ಚಬೇಡ ಎಂದು ಅಪ್ಪ ಎಷ್ಟು ಹೇಳಿದರೂ ಆಗಲಿಲ್ಲ. ಒಂದು ರಜೆಯ ದಿನ ಬೇಸರದಿಂದ, ತಮಾಷೆಗೆ ಎಂಬಂತೆ, ಗನ್ನನ್ನು ನನ್ನ ಕೈಗೆ ಕೊಟ್ಟ. ನನಗೆ ಸೀನನಿಗಿಂತ ಎರಡು ವರ್ಷ ಕಡಿಮೆ. ನಳಿಗೆ ಮಡಿಚಲು ಕೈಬಲ ಸಾಲದೆ, ಬುಡವನ್ನು ತೊಡೆಗೆ ಊರಿಕೊಂಡು ಎರಡೂ ಕೈಯಿಂದ ಜಗ್ಗಿದೆ. ಗೋಡೆಯ ಮೇಲಿದ್ದ ಬೆಂಕಿಪೊಟ್ಟಣ ಮೂರನೆಯ ಸಲಕ್ಕೆ ಹಾರಿತು. ಸೀನ ಮೊದಲನೆಯ ಸಲಕ್ಕೇ ಹಾರಿತು ಎನ್ನುತ್ತಾನೆ; ನನ್ನನ್ನು ಹೊಗಳಲು ಅಲ್ಲ, ಅದು ಗಾಳಿಗೆ ಬಿತ್ತು ಎಂದು ಹೇಳಲು. ಅಲ್ಲಿಂದ ಮುಂದೆ ಅಪ್ಪನ ರಜೆಯ ಬೆಳಗುಗಳು ನನ್ನವಾದವು. ಬಾಯಲ್ಲಿ ಹೇಳುವುದಕ್ಕಿಂತ ಕೈಯಿಂದ ತಿದ್ದುವುದೇ ಹೆಚ್ಚು. ಮೊಣಕೈಯನ್ನು ಸ್ವಲ್ಪ ಒಳಕ್ಕೆ ತಳ್ಳುವುದು, ಗದ್ದವನ್ನು ಮರಕ್ಕೆ ತಾಗಿಸುವುದು.

"ಉಸ್ರು ಬಿಡು. ಬಿಟ್ಟಾದ್ಮೇಲೆ ಒಂದ್ಗಳಿಗೆ ಮೈ ಖಾಲಿ ಇರ್ತದಲ್ಲ, ಆವಾಗ ಒತ್ತು."

ಹಕ್ಕಿಗಳನ್ನು ಹೊಡೆಯಲು ಬಿಡುತ್ತಿರಲಿಲ್ಲ. ಶೆಡ್ಡುಗಳ ತಗಡಿನ ಮೇಲೆ ಗಿಳಿಗಳು ಸಾಲಾಗಿ ಕೂತಿರುತ್ತಿದ್ದವು. ಒಮ್ಮೆ ನಾನು ಗುರಿ ಹಿಡಿದಾಗ ಅಪ್ಪ ನಳಿಗೆಯ ಮೇಲೆ ಕೈಯಿಟ್ಟು ಕೆಳಕ್ಕೆ ಒತ್ತಿದ. ಅವು ನಮ್ಮ ತೆನೆ ತಿನ್ನುತ್ತಿದ್ದಾಗ ಹೊಡೆಯಲು ನಮಗೊಂದು ಕಾರಣವಿತ್ತು, ಈಗ ಅವು ತಿನ್ನುವುದು ನಮ್ಮದಲ್ಲ, ಎಂದ. ಹೊಡೆಯಬೇಕಾದರೆ ವನಸ್ಪತಿ ಡಬ್ಬಿಯ ಮುಚ್ಚಳವಿತ್ತು, ಸುಟ್ಟುಹೋದ ಬಲ್ಬಿತ್ತು, ಒಡೆದ ಮಡಕೆಯ ಚೂರಿತ್ತು.

ಇದು ಬರೀ ಆಟವಲ್ಲ ಎಂದು ಅಮ್ಮನಿಗೆ ಗೊತ್ತಾದದ್ದು ಎಣ್ಣೆಸ್ನಾನದ ದಿನ. ಬಚ್ಚಲುಮನೆಯಲ್ಲಿ ಹೊಗೆ, ಸೀಗೆಯ ಘಾಟು, ಕುದಿಯುವ ನೀರು. ಅಮ್ಮನಿಗೆ ನೀರು ಕುದಿಯದಿದ್ದರೆ ಅದು ಸ್ನಾನವೇ ಅಲ್ಲ. ನನ್ನ ತೊಡೆ ಉಜ್ಜುತ್ತಿದ್ದವಳ ಕೈ ನಿಂತಿತು.

"ಇದ್ಯಾವ ಗುರ್ತೇ?"

"ಗನ್ನು ಊರ್ತೀನಲ್ಲಮ್ಮ, ಅದು."

"ನಾಳೆ ಗಂಡ ಕೇಳಿದ್ರೂ ಇದ್ನೇ ಹೇಳ್ತೀಯೇನು?"

ಆ ಸಂಜೆ ಹುರುಳಿಸಾರಿನ ಮುಂದೆ ಕೂತು ಅಪ್ಪ ಅಮ್ಮ ಜಗಳವಾಡಿದರು. ಅಮ್ಮ ಮುದ್ದೆಯನ್ನು ತಟ್ಟೆಗೆ ಇಡಲಿಲ್ಲ, ಎಸೆದಳು. ಮಗನಿಗೆ ಕಲಿಸಲಾಗದೆ ಮಗಳನ್ನು ಗಂಡು ಮಾಡಲು ಹೊರಟಿದ್ದಾನೆ ಎಂದಳು. ತನಗೆ ಕಳೆ ಕೀಳಲು ಹೊಲವಿತ್ತು, ಹೊಲದಲ್ಲಿ ಹತ್ತು ಹೆಂಗಸರು ಮಾತಿಗೆ ಸಿಗುತ್ತಿದ್ದರು, ಅದು ಹೋಯಿತು. ಅಪ್ಪನಿಗೆ ಮಾತ್ರ ಹೋದದ್ದಕ್ಕೆ ಬದಲು ಒಂದು ಆಟಿಕೆ ಸಿಕ್ಕಿತು, ತನಗೇನು ಸಿಕ್ಕಿತು ಎಂದು ಕೇಳಿದಳು. ಆಗ ನಾನು ಅಪ್ಪನ ಪಕ್ಷ. ಅಮ್ಮ ಕೇಳಿದ್ದು ಆ ಮನೆಯಲ್ಲಿ ಯಾರೂ ಕೇಳದಿದ್ದ ಒಳ್ಳೆಯ ಪ್ರಶ್ನೆ ಎಂದು ಹೊಳೆಯಲು ನನಗೆ ಬಹಳ ವರ್ಷ ಹಿಡಿಯಿತು. ಹೊಳೆದಾಗ ಕೇಳಿದವಳು ಇರಲಿಲ್ಲ.

ಪೀಣ್ಯದಲ್ಲಿ ವರ್ಷಕ್ಕೊಮ್ಮೆ ಎಲ್ಲ ಯಂತ್ರಗಳೂ ದೇವರಾಗುತ್ತಿದ್ದವು. ಆಯುಧಪೂಜೆಯ ದಿನ ಲೇತುಗಳಿಗೆ ಚೆಂಡುಹೂವಿನ ಹಾರ, ಗೇಟಿನ ಮುಂದೆ ಕುಂಕುಮ ತುಂಬಿ ಒಡೆದ ಬೂದುಗುಂಬಳ, ಲಾರಿ ಚಕ್ರದಡಿ ಅಪ್ಪಚ್ಚಿಯಾದ ನಿಂಬೆಹಣ್ಣು. ಅಪ್ಪ ಗನ್ನು ಬಂದ ವರ್ಷದಿಂದ ಮನೆಯಲ್ಲಿ ತನ್ನದೇ ಒಂದು ಪದ್ಧತಿ ಹೂಡಿದ. ಗಾಡಿಯ ಮುಂದಕ್ಕೆ ಚಾಚಿದ್ದ ಮೂಕಿಮರದ ತುದಿಗೆ ದಾರ ಕಟ್ಟಿ ನಿಂಬೆಹಣ್ಣು ಇಳಿಬಿಡುವುದು. ಪೂಜೆಯಾದ ಮೇಲೆ ಗನ್ನಿನಿಂದ ಅದನ್ನು ಹೊಡೆಯುವುದು. ಹೊಡೆದವರದು ಆ ವರ್ಷ ಗನ್ನು. ಮಿಕ್ಕವರು ಮುಟ್ಟಬೇಕಾದರೆ ಅವರನ್ನು ಕೇಳಬೇಕು. ಎರಡು ವರ್ಷ ಅವನೇ ಹೊಡೆದಿದ್ದ, ಬೇರೆ ಯಾರೂ ಸ್ಪರ್ಧೆಗೆ ಇರಲಿಲ್ಲ. ನೆಂಟರು, ಬೀದಿಯವರು ನೋಡಲು ಬರುತ್ತಿದ್ದರು. ಮೂರನೆಯ ವರ್ಷ ಹಬ್ಬಕ್ಕೆ ಒಂದು ತಿಂಗಳಿರುವಾಗ, ನಾನು ತೂಗಾಡುವ ಬಲ್ಬೊಂದನ್ನು ಒಡೆದ ಬೆಳಿಗ್ಗೆ, ಅಪ್ಪ ಹೇಳಿದ:

"ಈ ಸಲ ನೀನೇ ಹೊಡಿ ನಿಂಬೇಹಣ್ಣ. ನಮ್ ಫ್ಯಾಕ್ಟ್ರಿ ಮೇಸ್ತ್ರಿನೂ ಕರೀತೀನಿ. ನೋಡ್ಲಿ."

ಒಂದು ವರ್ಷ ಗನ್ನು ನನ್ನದಾಗುತ್ತದೆ. ಸೀನ ನನ್ನನ್ನು ಕೇಳಬೇಕು. ಅಪ್ಪ ಕೂಡ ಕೇಳಬೇಕು. ಆ ತಿಂಗಳು ನಾನು ಬೇರೇನನ್ನಾದರೂ ಯೋಚಿಸಿದ್ದರೆ ಅದು ನನಗೆ ನೆನಪಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ಅಪ್ಪ ಪಾಳಿಗೆ ಹೋದಾಗ, ಅಮ್ಮ ಹಿತ್ತಲಲ್ಲಿದ್ದಾಗ, ನಾನು ಗನ್ನನ್ನು ಕದ್ದು ತೆಗೆಯುತ್ತಿದ್ದೆ. ಒಮ್ಮೆ ನಳಿಗೆಯ ಕೀಲಿಗೆ ಎಣ್ಣೆ ಸವರಲು ಹೋಗಿ, ಕೋಳಿಗರಿಯ ತುದಿಯಿಂದ ಒಂದು ತೊಟ್ಟು ಗಾಳಿ ಹೊರಡುವ ತೂತಿನೊಳಗೆ ಬಿತ್ತು. ಹೊಡೆದಾಗ ಎಂದಿನ ಮೆತ್ತನೆಯ ಸದ್ದಿನ ಬದಲು ಛಟೀರ್ ಎಂದಿತು. ನಳಿಗೆಯಿಂದ ನೀಲಿ ಹೊಗೆ ಬಂತು, ಬಸ್ಸಿನ ಹಿಂದೆ ಬರುವಂಥ ವಾಸನೆ. ಗುಂಡು ತಗಡಿನ ಮುಚ್ಚಳವನ್ನು ತೂತು ಮಾಡಿಕೊಂಡೇ ಹೋಗಿತ್ತು. ಒಳಗೆ ಸ್ಪ್ರಿಂಗು ದೂಡುವ ಪಿಸ್ಟನ್ನಿನ ತುದಿಗೆ ಸೈಕಲ್ ಪಂಪಿನಲ್ಲಿರುವಂಥ ತೊಗಲಿನ ವಾಷರು ಇರುತ್ತದೆ. ಅದರ ಮುಂದೆ ಎಣ್ಣೆಯಿದ್ದರೆ, ಗಾಳಿ ಒಮ್ಮೆಲೇ ಅದುಮಿದ ಬಿಸಿಗೆ ಆ ಎಣ್ಣೆ ಹೊತ್ತಿಕೊಳ್ಳುತ್ತದೆ. ಈ ವಿವರಣೆ ನನಗೆ ಆಗ ಗೊತ್ತಿರಲಿಲ್ಲ. ಎಣ್ಣೆ ಬಿಟ್ಟರೆ ಸಿಡಿಯುತ್ತದೆ ಎನ್ನುವುದು ಗೊತ್ತಿತ್ತು, ಅಷ್ಟು ಸಾಕಾಗಿತ್ತು. ಮತ್ತೆ ಮಾಡಿದೆ. ಐದು ಸಲವೋ ಇಪ್ಪತ್ತು ಸಲವೋ. ಪ್ರತಿ ಸಲವೂ ಸ್ಪ್ರಿಂಗಿಗೆ ಎದುರಿನಿಂದ ಒದೆ ಬೀಳುತ್ತಿತ್ತು. ಹಬ್ಬಕ್ಕೆ ಎರಡು ವಾರವಿರುವಾಗ ಅಪ್ಪ ನಳಿಗೆ ಮಡಿಚಿ ನೋಡಿ ಮುಖ ಸಣ್ಣಗೆ ಮಾಡಿಕೊಂಡ. ಸ್ಪ್ರಿಂಗು ಸೋತಿದೆ, ಹಳೆಯದಲ್ಲವೇ, ಎಂದ. ನಾನು ಹೌದು ಎಂದೆ.

ಹೊಸ ಸ್ಪ್ರಿಂಗನ್ನು ಅವನೇ ಸುತ್ತಿದ. ಮೇಸ್ತ್ರಿಯನ್ನು ಕೇಳಿ ಒಂದು ತುಂಡು ಒಳ್ಳೆಯ ತಂತಿ ಪಡೆದು, ಊಟದ ಬಿಡುವಿನಲ್ಲಿ ಸುತ್ತಿ, ಕಾಯಿಸಿ, ಊಟದ ಡಬ್ಬಿಯ ಮೇಲಿನ ತಟ್ಟೆಯಲ್ಲಿಟ್ಟುಕೊಂಡು ಬಂದ. ತೊಳೆಯಲೆಂದು ಡಬ್ಬಿ ತೆರೆದ ಅಮ್ಮನಿಗೆ ಅನ್ನದ ಅಗುಳಿನ ನಡುವೆ ಅದು ಸಿಕ್ಕಿತು. ಅವಳು ಅದನ್ನು ಬೆರಳ ತುದಿಯಲ್ಲಿ ಎತ್ತಿ ಅವನ ಮಡಿಲಿಗೆ ಹಾಕಿದಳು. ಅಪ್ಪ ಅದನ್ನು ಗನ್ನಿಗೆ ಹಾಕಲಿಲ್ಲ. ಪೂಜೆಯ ದಿನವೇ ಹಾಕುತ್ತೇನೆ ಎಂದು ಬಟ್ಟೆ ಸುತ್ತಿ ದೇವರ ಗೂಡಿನಲ್ಲಿಟ್ಟ. ದಿನವೂ ಕೆಲಸಕ್ಕೆ ಹೊರಡುವ ಮುನ್ನ ಬಿಚ್ಚಿ ನೋಡುತ್ತಿದ್ದ. ಕೆಲಸ ಮಾಡುವುದನ್ನು ಅವನು ಕಣ್ಣಾರೆ ನೋಡಲಿದ್ದ ಮೊದಲ ಸ್ಪ್ರಿಂಗು ಅದು.

ಹಬ್ಬಕ್ಕೆ ಐದು ದಿನವಿರುವಾಗ ನಾನು ದೊಡ್ಡವಳಾದೆ. ನಮ್ಮ ಕಡೆಯ ಪದ್ಧತಿಯಂತೆ ಅಮ್ಮನ ತಮ್ಮ, ನನ್ನ ಸೋದರಮಾವ, ಸೈಕಲ್ಲಿಗೆ ತೆಂಗಿನ ಗರಿ, ಅತ್ತಿಯ ಕೊಂಬೆ ಕಟ್ಟಿಕೊಂಡು ಬಂದು ಅಂಗಳದ ಮೂಲೆಯಲ್ಲಿ ಗುಡ್ಲು ಹಾಕಿದ. ಒಳಗೆ ಒಂದು ಚಾಪೆ, ಒಂದು ಚೊಂಬು, ಬಾಗಿಲಿಗೆ ಅಡ್ಡಲಾಗಿ ಒನಕೆ. ಒಂಬತ್ತು ದಿನ ಹೊರಗೆ ಬರುವಂತಿಲ್ಲ, ಏನನ್ನೂ ಮುಟ್ಟುವಂತಿಲ್ಲ, ಗಂಡಸರ ಕಣ್ಣಿಗೆ ಬೀಳುವಂತಿಲ್ಲ. ಅಜ್ಜಿ ಹೊರಗೆ ಗೋಣಿ ಹಾಸಿಕೊಂಡು ಕಾವಲು ಕೂತಳು. ಕೊಬ್ಬರಿ, ಬೆಲ್ಲ, ಎಳ್ಳಿನ ಚಿಗಳಿ ಒಳಗೆ ಬರುತ್ತಲೇ ಇತ್ತು. ಅಷ್ಟು ಚೆನ್ನಾಗಿ ಅದಕ್ಕೂ ಮೊದಲು ನನ್ನನ್ನು ಯಾರೂ ಸಾಕಿರಲಿಲ್ಲ. ಎರಡನೆಯ ದಿನ ಅಜ್ಜಿಯನ್ನು ಕೇಳಿದೆ, ಹಬ್ಬದ ದಿನ ಸ್ವಲ್ಪ ಹೊತ್ತು ಹೊರಗೆ ಬರಬಹುದೇ, ನಿಂಬೆಹಣ್ಣು ಹೊಡೆದು ಮತ್ತೆ ಒಳಗೆ ಬಂದುಬಿಡುತ್ತೇನೆ ಎಂದು. ಅಜ್ಜಿ ಬಾಯಲ್ಲಿದ್ದ ಎಲೆಯಡಿಕೆಯನ್ನು ಪಕ್ಕಕ್ಕೆ ಒತ್ತಿಕೊಂಡಳು.

"ಪೂಜೆ ಮಾಡಿದ್ ಕೋವಿ ನೀನ್ ಮುಟ್ಟೋದಾ? ಈಗಲ್ಲ ಕಣ್ ಮಗ, ಇನ್ಮೇಕೆ ಯಾವತ್ತೂ ಇಲ್ಲ. ಅದೆಲ್ಲ ಆಯ್ತು ನಿಂಗೆ."

ಅವಳು ಅದನ್ನು ಕೋಪದಿಂದ ಹೇಳಲಿಲ್ಲ. ಅದೇ ದನಿಯಲ್ಲಿ ಇನ್ನೊಂದು ಚಿಗಳಿ ತಿನ್ನು ಎಂದಳು. ಅಪ್ಪ ಅಂಗಳ ದಾಟುವಾಗ ಮುಖ ಆಚೆ ತಿರುಗಿಸಿಕೊಂಡು ದಾಟುತ್ತಿದ್ದ. ಊಟ ಮಾಡಿದಳಾ ಎಂದು ಅಜ್ಜಿಯನ್ನು ಕೇಳುತ್ತಿದ್ದ, ನನಗೆ ಕೇಳಿಸುವಷ್ಟು ಗಟ್ಟಿಯಾಗಿ. ಮೊಣಕೈ ತಿದ್ದುತ್ತಿದ್ದ ಮನುಷ್ಯ. ನಾಲ್ಕನೆಯ ದಿನ ಗರಿಗಳ ಸಂದಿನಿಂದ ಕಂಡದ್ದು: ಅವನು ಗೋಡೆಯ ಮೇಲೆ ಬೆಂಕಿಪೊಟ್ಟಣ ಇಟ್ಟು ಸೀನನ ಪಕ್ಕ ಮಂಡಿಯೂರಿ, ಅವನ ಗದ್ದ ತಿದ್ದುತ್ತಿದ್ದ. ಉಸಿರು ಬಿಡು, ಎನ್ನುವುದು ಕೇಳಿಸಿತು. ನಾನು ಚಾಪೆಗೆ ಮುಖ ಒತ್ತಿ ಮಲಗಿದೆ.

ಹಬ್ಬದ ಮಧ್ಯಾಹ್ನ ಅಂಗಳ ತುಂಬಿತ್ತು. ಸಾರಿಸಿದ ನೆಲದ ಮೇಲೆ ಕುಡುಗೋಲು, ಹಾರೆ, ಉಳಲು ಏನೂ ಇಲ್ಲದ ನೇಗಿಲಗುಳ, ಈಳಿಗೆಮಣೆ, ಸೀನನ ಸೈಕಲ್ಲು. ನಡುವೆ ಮಣೆಯ ಮೇಲೆ ಗನ್ನು, ಬಿಚ್ಚಿಟ್ಟ ಗನ್ನು. ಪಂಚೆಯುಟ್ಟ ಅಪ್ಪ ಎಲ್ಲರೆದುರು ಹೊಸ ಸ್ಪ್ರಿಂಗನ್ನು ಬಟ್ಟೆಯಿಂದ ಬಿಚ್ಚಿದ. ಅವನ ಕಾರ್ಖಾನೆಯಲ್ಲಿ ಎಣ್ಣೆಯಲ್ಲಿ ಅದ್ದದೆ ಯಾವ ಸ್ಪ್ರಿಂಗೂ ಹೊರಗೆ ಹೋಗುತ್ತಿರಲಿಲ್ಲ. ಅದ್ದದಿದ್ದರೆ ತುಕ್ಕು, ತುಕ್ಕು ಬಂದರೆ ಮಾಡಿದವನಿಗೆ ಅವಮಾನ. ಅವನೂ ಡಬ್ಬಿಯಿಂದ ಬಟ್ಟಲಿಗೆ ಎಣ್ಣೆ ಸುರಿದು ಅದ್ದಿದ. ಸ್ಪ್ರಿಂಗು ಒಳಗೆ ಹಾಕಿ ಗನ್ನು ಜೋಡಿಸಿದ. ಆಮೇಲೆ, ಕೈಯಲ್ಲಿ ಎಣ್ಣೆಯ ಡಬ್ಬಿ ಇದ್ದೇ ಇತ್ತಲ್ಲ, ನಳಿಗೆ ಮಡಿಚಿ, ಗಾಳಿ ಹೊರಡುವ ತೂತಿಗೆ ಡಬ್ಬಿಯ ಮೂತಿಯಿಟ್ಟು ಬಗ್ಗಿಸಿದ. ಒಂದು ತೊಟ್ಟಲ್ಲ. ಧಾರೆ. ಬೆಂಚಿನ ಮೇಲೆ ಕೂತಿದ್ದ ಮೇಸ್ತ್ರಿಯ ಕಡೆ ತಿರುಗಿ, ಇವತ್ತು ಇದಕ್ಕೂ ಎಣ್ಣೆಸ್ನಾನ ಸಾರ್, ಎಂದ. ಮೇಸ್ತ್ರಿ ನಕ್ಕರು.

ಗುಡ್ಲಿನಿಂದ ಮಣೆಗೆ ಹತ್ತು ಹೆಜ್ಜೆ. ಒಂದು ಮಾತು ಸಾಕಿತ್ತು. ನಾನು ಏಕೆ ಕೂಗಲಿಲ್ಲ ಎನ್ನುವುದಕ್ಕೆ ಇಷ್ಟು ವರ್ಷಗಳಲ್ಲಿ ಬೇರೆ ಬೇರೆಯವರಿಗೆ ಬೇರೆ ಬೇರೆ ಕಾರಣ ಹೇಳಿದ್ದೇನೆ. ಗುಡ್ಲಿನ ಹುಡುಗಿ ಗಂಡಸರೆದುರು ದನಿಯೆತ್ತುವಂತಿರಲಿಲ್ಲ ಎಂದು ನನ್ನ ಗೆಳತಿಗೆ ಹೇಳಿದೆ, ಅವಳು ಕಣ್ಣೊರೆಸಿಕೊಂಡಳು. ಎಣ್ಣೆಯ ಗುಟ್ಟು ನನಗೆ ಹೇಗೆ ಗೊತ್ತು ಎಂದು ಕೇಳಿದರೆ ಹಳೆಯ ಸ್ಪ್ರಿಂಗನ್ನು ನಾನೇ ಹಾಳುಮಾಡಿದ್ದು ಬಯಲಾಗುತ್ತಿತ್ತು ಎಂದು ಗಂಡನಿಗೆ ಹೇಳಿದೆ, ಅವನು ನಕ್ಕ. ಎರಡೂ ನಿಜ. ಆದರೆ ಗರಿಯ ಸಂದಿಗೆ ಕಣ್ಣಿಟ್ಟಿದ್ದಾಗ ನನ್ನೊಳಗೆ ಇದ್ದದ್ದು ಸೀನನ ಕೈ. ಆ ಮರದ ಮೇಲೆ ಅವನ ಕೆನ್ನೆ. ಅದು ಸಿಡಿಯಲಿ ಎಂದು ನಾನು ಕಾಯುತ್ತಿದ್ದೆ. ಗನ್ನು ನನ್ನದಾಗದಿದ್ದರೆ ಯಾರದೂ ಆಗುವುದು ಬೇಡ.

ಅಜ್ಜಿ ಮಂಗಳಾರತಿಗೆ ಎದ್ದು ಹೋದಳು. ಸೀನ ಗುಂಡು ತುಂಬಿ ಗುರಿ ಹಿಡಿದ. ಈ ಸಲ ಒಂದು ಕಣ್ಣು ತೆರೆದಿತ್ತು, ಅದನ್ನು ನಾನು ಒಪ್ಪಲೇಬೇಕು. ಸದ್ದು ಶೆಡ್ಡಿನ ತಗಡಿಗೆ ಬಡಿದು ವಾಪಸು ಬಂತು. ಹೊಗೆಯಲ್ಲಿ ಸೀನ ಕಾಣಲಿಲ್ಲ. ಕಂಡಾಗ ಗನ್ನು ಬಿಸಾಡಿ ಕಿವಿ ಮುಚ್ಚಿಕೊಂಡು ಕೂತಿದ್ದ. ಪೆಟ್ಟಾಗಿರಲಿಲ್ಲ. ನಿಂಬೆಹಣ್ಣು ಅಲ್ಲಾಡಿರಲಿಲ್ಲ. ಉದುರಿತ್ತು ಎಂದು ಸೀನ ಹೇಳುತ್ತಾನೆ, ಹೇಳಲಿ. ನಮ್ಮ ದೊಡ್ಡಪ್ಪನಂಥ ಒಬ್ಬ ನೆಂಟ ಹಿಂದಿನಿಂದ ಅಪ್ಪನಿಗೆ ಅಂದ:

"ಏ ಮುನಿಯಪ್ಪ, ನಿನ್ ಕೋವಿ ಬೀಡಿ ಸೇದ್ತದಲ್ಲೋ."

ಅಂಗಳವೆಲ್ಲ ನಕ್ಕಿತು. ಅಮ್ಮನೂ ನಕ್ಕಳು, ಸೆರಗು ಬಾಯಿಗೊತ್ತಿಕೊಂಡು. ಮೇಸ್ತ್ರಿ ಮಾತ್ರ ನಗಲಿಲ್ಲ. ಬಂದು ಗನ್ನನ್ನೆತ್ತಿ ಕಿವಿಯ ಹತ್ತಿರ ಅಲುಗಿಸಿದರು. ಒಳಗೆ ತುಂಡುಗಳು ಗಲಗಲ ಎಂದವು.

"ಮುರ್ದೈತೆ. ನೀನೇ ಸುತ್ತಿದ್ದಾ?"

"ಹೂಂ ಸಾರ್."

ಅವರು ಗನ್ನನ್ನು ಮಣೆಯ ಮೇಲಿಟ್ಟು ಕೈ ಒರೆಸಿಕೊಂಡರು. ಬೈದಿದ್ದರೆ ಒಳ್ಳೆಯದಿತ್ತು. ಕೋಸಂಬರಿ ತಿಂದು, ಎಲೆಯಡಿಕೆ ತೆಗೆದುಕೊಂಡು, ಅಪ್ಪನ ಹೆಗಲು ತಟ್ಟಿ ಹೋದರು. ಅಪ್ಪ ಅಲ್ಲೇ ಕೂತು ಗನ್ನನ್ನು ಬಿಚ್ಚಿದ. ಸ್ಪ್ರಿಂಗು ಮೂರು ತುಂಡಾಗಿತ್ತು. ತುಂಡುಗಳನ್ನು ಬೆಳಕಿಗೆ ಹಿಡಿದು ಮುರಿದ ಬಾಯನ್ನು ಒಂದೊಂದಾಗಿ ನೋಡಿದ. ತೊಗಲಿನ ವಾಷರು ಸುಟ್ಟು ಕಪ್ಪಾಗಿದ್ದದ್ದು ಅವನ ಕಣ್ಣಿಗೆ ಬಿದ್ದಿರಬೇಕು, ಆದರೆ ಅವನು ನೋಡುತ್ತಿದ್ದದ್ದು ತಾನು ಮಾಡಿದ್ದನ್ನು ಮಾತ್ರ. ನೋಡಿ ಮುಗಿದ ಮೇಲೆ ತುಂಡುಗಳನ್ನು ಒಳಗೇ ಹಾಕಿ ಗನ್ನನ್ನು ಮುಚ್ಚಿದ.

ಎಷ್ಟೋ ವರ್ಷಗಳ ನಂತರ ಇಂಥ ಗನ್ನುಗಳನ್ನು ರಿಪೇರಿ ಮಾಡುವ ಒಬ್ಬರನ್ನು ಹುಡುಕಿ ಕೇಳಿದೆ. ಎಣ್ಣೆ ಸಿಡಿದರೆ ಸ್ಪ್ರಿಂಗು ಮುರಿಯಬಹುದು ಎಂದರು. ನನ್ನ ಎದೆ ಹಗುರವಾಯಿತೋ ಭಾರವಾಯಿತೋ ನಿರ್ಧರಿಸುವ ಮೊದಲೇ, ಸರಿಯಾಗಿ ಕಾಯಿಸದ ಸ್ಪ್ರಿಂಗಾದರೆ ಎಣ್ಣೆಯಿಲ್ಲದೆಯೂ ಮೊದಲ ಏಟಿಗೇ ಮುರಿಯಬಹುದು ಎಂದರು. ಯಾವುದು ಎಂದು ಹೇಗೆ ತಿಳಿಯುವುದು ಎಂದೆ. ತುಂಡು ನೋಡಿದರೆ ಹೇಳಬಹುದಿತ್ತು ಎಂದರು. ಆ ಹೊತ್ತಿಗೆ ತುಂಡುಗಳು ಗನ್ನಿನ ಜೊತೆಗೇ ಎಲ್ಲೋ ಕಳೆದುಹೋಗಿದ್ದವು. ಹಾಗಾಗಿ ನನ್ನ ತಪ್ಪು ಎಷ್ಟು ದೊಡ್ಡದೆಂದು ನನಗೆ ಗೊತ್ತಿಲ್ಲ. ಅದು ಅಪ್ಪನ ಕೈಯ ತಪ್ಪೇ ಆಗಿರಲಿ ಎಂದು ಆಸೆಪಟ್ಟ ದಿನಗಳೂ ಇವೆ.

ಒಂಬತ್ತನೆಯ ದಿನ ಬೆಳಿಗ್ಗೆ ಮಾವ ಬಂದು ಗುಡ್ಲು ಕಿತ್ತು ಸುಟ್ಟ. ತಲೆಗೆ ನೀರು ಹಾಕಿ, ಹೊಸ ಲಂಗ ದಾವಣಿ ಉಡಿಸಿ, ಆರತಿ ಎತ್ತಿ, ಹೆಂಗಸರು ಹಾಡಿ ಹೋದರು. ನಾನು ಹಜಾರದಲ್ಲಿ ಒಬ್ಬಳೇ ಕೂತಿದ್ದಾಗ ಅಪ್ಪ ಬಂದ. ಅಂದು ಕೆಲಸಕ್ಕೆ ಹೋಗಿರಲಿಲ್ಲ. ಕೈಯಲ್ಲಿ ಗನ್ನಿತ್ತು. ಒಂಬತ್ತು ದಿನಗಳ ನಂತರ ಮೊದಲ ಬಾರಿಗೆ ನನ್ನ ಮುಖ ನೋಡಿದ, ನೋಡಿ ಹೊಸ ಬಟ್ಟೆಯ ಕಡೆ ಕಣ್ಣು ಹಾಯಿಸಿ, ಯಾರೋ ಪರಿಚಯವಿಲ್ಲದವರ ಮುಂದೆ ನಿಂತಂತೆ ಹೆಗಲ ಟವೆಲ್ಲು ಸರಿಮಾಡಿಕೊಂಡ.

"ನಾಳೆಯಿಂದ ಪ್ಯಾಕಿಂಗಿಗೆ ಹೋಗ್ತೀನಿ ಅಂತ ಮೇಸ್ತ್ರಿಗೆ ಹೇಳ್ಬುಟ್ಟೆ," ಎಂದ. "ಅವ್ರೇನೂ ಹೋಗು ಅನ್ಲಿಲ್ಲ. ನಾನೇ ಅಂದೆ. ಸುತ್ತೋದು ಬೇಡ ಇನ್ನು."

ಹೇಳಲು ನನಗೆ ಸಿಕ್ಕ ಗಳಿಗೆ ಅದು. ಅಂಗಳದಲ್ಲಿ ಯಾರೂ ಇರಲಿಲ್ಲ. ಎಣ್ಣೆ ಎಂಬ ಒಂದು ಪದ ಹೇಳಿದ್ದರೆ ಉಳಿದದ್ದನ್ನು ಅವನೇ ಹೇಳಿಕೊಳ್ಳುತ್ತಿದ್ದ.

"ತಂತಿ ಸರಿಯಿರ್ಲಿಲ್ವೇನೋ ಅಪ್ಪ," ಎಂದೆ.

"ತಂತಿ ಚೆನ್ನಾಗೇ ಇತ್ತು."

ಗನ್ನನ್ನು ಎರಡೂ ಕೈಗಳಲ್ಲಿ ಅಡ್ಡ ಹಿಡಿದು ನನ್ನತ್ತ ಚಾಚಿದ. ಅಜ್ಜಿ ಒಳಗಿನಿಂದ ನೋಡುತ್ತಿದ್ದಳು, ತಡೆಯಲಿಲ್ಲ. ಕೆಟ್ಟುಹೋದದ್ದಕ್ಕೆ ಮೈಲಿಗೆಯಿಲ್ಲವೇನೋ.

"ತಗೋ, ನಿಂದೇ ಇನ್ಮೇಲೆ. ಯಾರ್ನೂ ಕೇಳ್ಬೇಕಾಗಿಲ್ಲ."

ತೆಗೆದುಕೊಂಡೆ. ಅದರ ತೂಕದ ಗುರುತು ನನ್ನ ತೋಳಿಗೆ ತಕ್ಷಣ ಸಿಕ್ಕಿತು. ಗನ್ನು ನನ್ನದಾಗಿತ್ತು, ಮತ್ತು ನನಗೆ ಸಂತೋಷವಾಯಿತು. ಇದನ್ನು ಬರೆಯದೆ ಬಿಡಬಹುದಿತ್ತು. ಅಪ್ಪ ಇನ್ನೂ ಅಲ್ಲೇ ನಿಂತಿದ್ದ, ನಾನು ಏನೋ ಹೇಳಲಿದ್ದೇನೆ ಎಂಬಂತೆ.

"ಇದನ್ನ ಒರೆಸೋ ಬಟ್ಟೆ ಎಲ್ಲಿಟ್ಟಿದ್ದೀಯಪ್ಪ?" ಎಂದು ಕೇಳಿದೆ.

ಅವನು ತರಲು ಒಳಗೆ ಹೋದ.